ಗೋಗಿ ಗದ್ದೆಯಿಂದ ಕಾಣುವ ಬುದ್ಧ

ಆ ದಸರಾ ರಜೆಗಾಗಿ ನಾನು ಡೈರಿಯ ಎರಡು ಪುಟಗಳನ್ನು ಒಟ್ಟಿಗೆ ಹರಡಿ ಒಂದು ಪಟ್ಟಿ ಎಳೆದಿದ್ದೆ. ಎಡಗಡೆ ಸ್ಥಳದ ಹೆಸರು. ಅದರ ಮುಂದೆ ಐದು ಮನೆ: ದಾರಿ, ನೆರಳು, ಕುಡಿಯುವ ನೀರು, ಮಂಗ, ಕೊನೆಯದು ‘ಆಯಿ ಬರಬಹುದೇ?’ ಪಟ್ಟಿ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಒಂದು ಸಾಲನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದ್ದೇನೆ. ಆ ಸಾಲಿನಿಂದಾಗಿ ಆಯಿ ನಾಲ್ಕು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ.

ಆಯಿ ಅಂದರೆ ಅಪ್ಪನ ತಾಯಿ. ನಾವು ಶಹಾಪುರದಲ್ಲಿ ಬೆಟ್ಟದ ಬುಡದ ಓಣಿಯೊಂದರಲ್ಲಿ ಇರುತ್ತೇವೆ. ಅಪ್ಪ ದೋರನಹಳ್ಳಿಯ ಶಾಲೆಯೊಂದರಲ್ಲಿ ಗುಮಾಸ್ತ. ನಾನು ಆಗ ಯಾದಗಿರಿಯಲ್ಲಿ ಬಿ.ಇಡಿ. ಓದುತ್ತಿದ್ದೆ. ಏಳನೆಯ ತರಗತಿಯಲ್ಲಿದ್ದಾಗ ಅಪ್ಪ ಶಾಲೆಯಿಂದ ಬರೆಯದೇ ಉಳಿದಿದ್ದ ಒಂದು ಹಳೆಯ ಡೈರಿ ತಂದುಕೊಟ್ಟಿದ್ದರು. ಅಂದಿನಿಂದ ತಾರೀಕು ಹಾಕಿ ಬರೆಯುವುದು, ಕಂಡದ್ದನ್ನು ಗೀಟು ಎಳೆದು ಎಣಿಸುವುದು ನನಗೆ ಅಂಟಿಕೊಂಡ ಅಭ್ಯಾಸ.

ರಜೆಗೆ ಬಂದವಳು ಅಕ್ಕನ ಮಗಳು, ಒಂಬತ್ತು ವರ್ಷದವಳು. ತುಮಕೂರಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ಅಕ್ಕ ಶುಕ್ರವಾರ ಬಿಟ್ಟು ಹೋದಳು, ಹನ್ನೆರಡು ದಿನ ಬಿಟ್ಟು ಬುಧವಾರ ಬಂದು ಕರೆದುಕೊಂಡು ಹೋಗುತ್ತೇನೆ ಅಂದಳು. ಅದೇ ಸಂಜೆ ಹುಡುಗಿ ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನೆಲದ ಮೇಲೆ ಕುಳಿತಳು. ‘ರಜೆಯಲ್ಲಿ ನಾನು ನೋಡಿದ ಸ್ಥಳಗಳು’ ಎಂದು ಬರೆದು, ಶಾಲೆಗಾಗಿ ನಾಲ್ಕು ಸ್ಥಳಗಳ ಚಿತ್ರ ಬಿಡಿಸಬೇಕಂತೆ.

“ಚಿಕ್ಕಮ್ಮ, ಇಲ್ಲಿ ನೋಡೋಕೆ ಏನೇನಿದೆ?”

ಅಡುಗೆಮನೆಯಿಂದ ಅವ್ವ ಅಂದಳು, “ನಿನ್ನ ಚಿಕ್ಕಮ್ಮನ್ನ ನೋಡು. ಬಸ್ಸಿನ ಕಿಡಕಿ ಎಣಸ್ಕೋತ ಕಾಲೇಜಿಗೆ ಹೋಗ್ತಾಳ. ಅಕಿನ್ನ ನೋಡಾಕ ಮಂದಿ ಬರಬೇಕು.”

ಅವ್ವನ ಮಾತಿಗೆ ಉತ್ತರವೆಂಬಂತೆ ನಾನು ಆ ರಾತ್ರಿ ಊಟಕ್ಕೆ ಮುಂಚೆಯೇ ಪಟ್ಟಿ ಎಳೆದೆ.

ಮೊದಲನೆಯ ಭಾನುವಾರ ಯಾದಗಿರಿಯ ಕೋಟೆ. ದಿನಾಲೂ ಅದರ ಕೆಳಗೇ ಬಸ್ಸಿಳಿಯುತ್ತಿದ್ದ ನಾನು ಅದನ್ನು ಹತ್ತಿದ್ದು ಒಂದೇ ಸಲ, ಅದೂ ಹೈಸ್ಕೂಲಿನಲ್ಲಿದ್ದಾಗ. ಈ ಸಲ ಇಬ್ಬರೂ ಮೆಟ್ಟಿಲು ಎಣಿಸುತ್ತ ಹತ್ತಿದೆವು. ಮೇಲೆ ಮುಟ್ಟಿದಾಗ ಅವಳ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಹನ್ನೊಂದರ ವ್ಯತ್ಯಾಸ ಬಂತು.

“ನೀನು ಬಂಡೆಯಲ್ಲಿ ಕೊರೆದಿದ್ದನ್ನ ಬಿಟ್ಟಿದೀಯ,” ಅಂದಳು.

“ಅವು ಮೆಟ್ಲಲ್ಲ, ಸವದ ಕಲ್ಲು.”

“ಕಾಲಿಟ್ಟು ಹತ್ತಿದ್ರೆ ಅದು ಮೆಟ್ಟಿಲೇ.”

ಅವಳ ಮಾತು ಸರಿ ಅನ್ನಿಸಿತು, ಆದರೆ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಎರಡೂ ಲೆಕ್ಕ ಬರೆದುಕೊಂಡೆ. ಮೇಲಿನಿಂದ ಒಂದು ಕಡೆ ಭೀಮಾ ನದಿ, ಇನ್ನೊಂದು ಕಡೆ ರೈಲು ಹಳಿ ಕಾಣುತ್ತಿದ್ದವು. ನಾನು ಓದುವ ಕಾಲೇಜು ಎಲ್ಲಿದೆ ಎಂದು ಕೇಳಿದಳು. ಹುಡುಕಲು ನನಗೆ ಐದು ನಿಮಿಷ ಬೇಕಾಯಿತು. ದಿನಾ ಒಳಗೆ ಕೂರುವ ಕಟ್ಟಡದ ಮಾಳಿಗೆ ಹೇಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಪಟ್ಟಿಯಲ್ಲಿ ಬರೆದೆ: ನೆರಳು ಕಡಿಮೆ, ನೀರು ಕೆಳಗಿನಿಂದಲೇ ಒಯ್ಯಬೇಕು, ಮಂಗ ಏಳು, ಆಯಿ ಬರಲಾರಳು.

ಆಯಿಯ ಬೆನ್ನು ಬಾಗಿದೆ. ಸೊಂಟದಿಂದ ಮೇಲೆ ಅವಳು ನೆಲಕ್ಕೆ ಸಮನಾಗಿಯೇ ನಡೆಯುತ್ತಾಳೆ ಅನ್ನಬಹುದು. ನಮ್ಮ ಮುಖ ನೋಡಬೇಕಾದರೆ ಕುತ್ತಿಗೆಯನ್ನು ಪಕ್ಕಕ್ಕೆ ತಿರುಗಿಸಿ ಕೆಳಗಿನಿಂದ ನೋಡುತ್ತಾಳೆ. ಮೊಣಕಾಲೂ ಗಟ್ಟಿಯಿಲ್ಲ. ಹೀಗಾಗಿ ಹತ್ತುವ ಸ್ಥಳಗಳಿಗೆಲ್ಲ ಪಟ್ಟಿಯ ಕೊನೆಯ ಮನೆಯಲ್ಲಿ ಅಡ್ಡಗೆರೆಯೇ ಬೀಳುತ್ತಿತ್ತು.

ಆದರೆ ಎರಡನೆಯ ಸ್ಥಳಕ್ಕೆ ಹತ್ತುವುದು ಬೇಡ. ಶಹಾಪುರದ ಬೆಟ್ಟಸಾಲು ದೂರದಿಂದ ನೋಡಿದರೆ ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ಎದೆ, ಕಾಲು ಎಲ್ಲವೂ ಸ್ಪಷ್ಟ. ಬೆಟ್ಟದ ಬುಡದಲ್ಲಿರುವ ನಮಗೆ ಮಾತ್ರ ಅದು ಬರೀ ಬಂಡೆ. ಯಾದಗಿರಿಯ ರಸ್ತೆ ಹಿಡಿದು ಸ್ವಲ್ಪ ದೂರ ಹೋಗಬೇಕು. ಶಾಲೆಗೆ ರಜೆಯಿದ್ದರೂ ಗುಮಾಸ್ತರಿಗೆ ರಜೆಯಿಲ್ಲವಾದ್ದರಿಂದ ಬುಧವಾರ ಅಪ್ಪನ ಬಸ್ಸಿನಲ್ಲೇ ಹೋಗಿ ನಡುದಾರಿಯಲ್ಲಿ ಇಳಿದೆವು. ಅಪ್ಪ ಕಿಟಕಿಯಿಂದ ಕೈ ತೋರಿಸಿ, “ಅಲ್ಲಿ, ಬೇವಿನ ಮರದ ಬಾಜೂಕ ನಿಂದರ್ರಿ, ಬರೋಬ್ಬರಿ ಕಾಣ್ತದ,” ಅಂದರು. ಬರೋಬ್ಬರಿಯೇ ಕಂಡಿತು.

ಹುಡುಗಿ ಬಹಳ ಹೊತ್ತು ನೋಡಿದಳು. ಆಮೇಲೆ ಬಾಯಿ ಮುಚ್ಚಿ ನಕ್ಕಳು.

“ಚಿಕ್ಕಮ್ಮ, ಬುದ್ಧನ ಕಾಲಿಗೆ ಮುಳ್ಳು ಚುಚ್ಚಿದೆ.”

ಕಾಲಿನ ಕಡೆಯ ಗುಡ್ಡದ ಮೇಲೆ ಒಂದು ಮೊಬೈಲ್ ಟವರ್ ನಿಂತಿತ್ತು. ತೆಳ್ಳಗೆ, ನೆಟ್ಟಗೆ. ಹೌದು, ಅಂಗಾಲಿಗೆ ಚುಚ್ಚಿದ ಜಾಲಿಮುಳ್ಳಿನ ಹಾಗೆಯೇ ಇತ್ತು. ಅವಳು ಚಿತ್ರದಲ್ಲೂ ಅದನ್ನು ಬಿಡಲಿಲ್ಲ. “ಟವರ್ ಯಾಕ ತಗೀತಿ?” ಅಂದರೆ, “ಇದೆಯಲ್ಲ,” ಅಂದಳು. ನಾನು ಫೋನಿನಲ್ಲಿ ಫೋಟೋ ತೆಗೆದೆ. ಪಟ್ಟಿಯಲ್ಲಿ ಬರೆದೆ: ದಾರಿ ಒಳ್ಳೆಯದು, ನೆರಳು ಒಂದು ಬೇವು, ನೀರಿಲ್ಲ, ಮಂಗ ಸೊನ್ನೆ, ಆಯಿ ಬರಬಹುದು.

ಸಂಜೆ ಫೋಟೋ ತೋರಿಸಿ, “ಆಯಿ, ನೀನೂ ಬಾ, ಬಸ್ಸಿನಾಗ ಕುಂತು ಹೋಗಿ ಬರಬಹುದು,” ಅಂದೆ.

ಆಯಿ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. “ಇದು ಆ ರೋಡಿನ್ಯಾಗ ಬೋರ್ಡ್ ಹಾಕಿದ ಬುದ್ಧ ಅಲ್ಲೇನ? ಎಲ್ಲಾರೂ ಫೋಟೋ ತಗಸ್ಕೋತಾರ ನೋಡು, ಅದು. ನಂದು ಇದಲ್ಲ.”

“ನಿಂದಂದ್ರ?”

“ನಮ್ಮ ಬುದ್ಧ ಗೋಗಿ ಕಡಿ ಅದಾನ. ಇವನ ತಲಿ ಈ ಕಡಿ ಅದ. ನಮ್ಮವನ ತಲಿ ಆ ಕಡಿ.”

ಇದನ್ನು ನಾನು ಮೊದಲ ಸಲ ಕೇಳುತ್ತಿದ್ದೆ. ಆಯಿ ಹರೆಯದಲ್ಲಿ ಗೋಗಿಯ ಆಚೆ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತದ ನಾಟಿ ಹಚ್ಚಲು ಹೋಗುತ್ತಿದ್ದಳೆಂಬುದು ಗೊತ್ತಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಆ ಕೆಲಸ ಮಾಡಿ, ಎಂಟು ವರ್ಷದ ಹಿಂದೆ ಅಜ್ಜ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದಳು. ಗದ್ದೆಯಿಂದ ಬುದ್ಧ ಕಾಣುತ್ತಿದ್ದನೆಂದು ಯಾರೂ ಹೇಳಿರಲಿಲ್ಲ; ನಾವೂ ಕೇಳಿರಲಿಲ್ಲ. ಹುಡುಗಿ ಕೇಳಿದಳು.

“ಅಲ್ಲಿ ಏನು ಮಾಡ್ತಿದ್ರಿ ಆಯಿ?”

“ಏನ ಮಾಡ್ತೀವಿ, ಕೈ ಮುಗೀತಿದ್ವಿ. ನಮ್ಮ ಮನೆಯವರು ಬುದ್ಧನ ದಾರಿ ಹಿಡದಾಗ ಗಂಡಸರೆಲ್ಲ ರೈಲು ಹತ್ತಿ ದೀಕ್ಷಾ ತಗೊಳ್ಳಾಕ ನಾಗಪುರಕ್ಕ ಹೋಗಿ ಬಂದ್ರು. ಹೆಂಗಸರನ್ನ ಯಾರು ಕರಕೊಂಡು ಹೋಗ್ತಾರ? ಕೂಲಿ ಬಿಟ್ಟು ಹೋಗಾಕ ಆಗ್ತದೇನ? ನಾವು ಹನ್ನೆರಡ ಮಂದಿ ಒಂದು ಗುಂಪಿನ್ಯಾಗ ನಾಟಿ ಹಚ್ಚೋರು. ನಮ್ಮ ಗುಂಪಿನ ಮುಂದಾಳು ಒಬ್ಬಾಕಿ ಮುದುಕಿ ಇದ್ಲು, ಅಕಿ ಅಂದ್ಲು, ಹೋಗ್ಲಿ ಬಿಡ್ರೆ, ಬುದ್ಧ ಇಲ್ಲೇ ಮಲಗ್ಯಾನ, ನಾಗಪುರ ಯಾಕ ಬೇಕು ಅಂತ. ಅವತ್ತಿಂದ ಮೊದಲನೇ ಸಸಿ ಹಚ್ಚೂಕಿಂತ ಮೊದಲು ಅವನಿಗೊಂದು ಕೈ. ಗಂಡಸರು ನಗ್ತಿದ್ರು, ಎಲ್ಲ್ಯದಾನ ನಿಮ್ಮ ಬುದ್ಧ ಅಂತ. ನಾವು ಅವರಿಗೆ ನಗ್ತಿದ್ವಿ.”

ಹುಡುಗಿಗೆ ತನ್ನ ನೋಟ್‌ಬುಕ್ಕಿಗೆ ಇನ್ನೊಂದು ಚಿತ್ರ ಸಿಕ್ಕಿತ್ತು. ನನಗೆ ಪಟ್ಟಿಗೆ ಇನ್ನೊಂದು ಸಾಲು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾವಿಬ್ಬರೂ ಶೇರ್ ಆಟೋ ಹತ್ತಿ ಗೋಗಿಗೆ ಹೋದೆವು. ಆಯಿ ಗುರುತು ಹೇಳಿಕೊಟ್ಟಿದ್ದಳು: ಕಾಲುವೆಯ ಚಿಕ್ಕ ಸೇತುವೆ, ಅದರಾಚೆ ಮೂರು ಹುಣಸೆ, ಮೂರನೆಯದರ ಎದುರಿಗಿನ ಗದ್ದೆ. ಮೂರರಲ್ಲಿ ಎರಡು ಹುಣಸೆ ಉಳಿದಿದ್ದವು. ಒಂದರ ಬೊಡ್ಡೆ ಇತ್ತು. ಗದ್ದೆಯಲ್ಲಿ ಭತ್ತ ಮೊಣಕಾಲೆತ್ತರ ಬೆಳೆದಿತ್ತು. ಬದುವಿನ ಮೇಲೆ ನಿಂತು ಬೆಟ್ಟದ ಕಡೆ ನೋಡಿದೆವು.

ಬುದ್ಧ ಇರಲಿಲ್ಲ.

ಎದುರಿಗೆ ಕಾಲುವೆಯ ಏರಿ, ಅದರಾಚೆ ಬೀಳು ನೆಲ, ಕಲ್ಲಿನ ರಾಶಿಗಳು, ಎರಡು ತಗಡಿನ ಶೆಡ್ಡು, ಆಮೇಲೆ ಬೆಟ್ಟ. ಬೆಟ್ಟವೂ ಒಂದಲ್ಲ, ಒಂದರ ಹಿಂದೊಂದು ಉಂಡೆ ಇಟ್ಟಂತೆ ಗುಡ್ಡಗಳು. ಎಲ್ಲಿ ತಲೆ, ಎಲ್ಲಿ ಎದೆ ಎಂದು ಹೇಳುವ ಹಾಗಿರಲಿಲ್ಲ. ನಾನು ಹತ್ತು ಹೆಜ್ಜೆ ಹಿಂದೆ ಹೋದೆ, ಹತ್ತು ಹೆಜ್ಜೆ ಮುಂದೆ ಹೋದೆ. ಬದುವಿನ ಉದ್ದಕ್ಕೂ ಆರು ಕಡೆ ನಿಂತು ನೋಡಿ, ಆರೂ ಕಡೆ ಕಂಡದ್ದನ್ನು ಬರೆದೆ. ಪಕ್ಕದ ಗದ್ದೆಗೆ ನೀರು ತಿರುಗಿಸುತ್ತಿದ್ದ ಒಬ್ಬರು ಸಲಿಕೆ ಊರಿ ನಮ್ಮನ್ನೇ ನೋಡುತ್ತಿದ್ದರು.

“ಏನ ಹುಡುಕಾಕತ್ತೀರಿ? ಸರ್ವೇದವರೇನ್ರಿ?”

“ಇಲ್ಲಿಂದ ಮಲಗಿದ ಬುದ್ಧ ಕಾಣ್ತಾನೇನ್ರಿ ಕಾಕಾ?”

“ಬುದ್ಧ? ಇಲ್ಲ್ಯಾ? ಇಪ್ಪತ್ತು ವರ್ಷ ಆತು ನಾ ಈ ಬದುವಿನ ಮ್ಯಾಲೆ ನಿಂತು ನೀರು ಬಿಡಾಕತ್ತಿ. ಒಂದ ದಿನಾನೂ ಕಂಡಿಲ್ಲವಾ. ಅವ ಯಾದಗಿರಿ ರೋಡಿಗದಾನ. ನೀವು ಉಲ್ಟಾ ಬಂದೀರಿ.”

ಅವರ ಮಾತನ್ನೂ ಬರೆದುಕೊಂಡೆ. ಡೈರಿಯ ಆ ದಿನದ ಪುಟದಲ್ಲಿ ಹೀಗಿದೆ: ‘ಏರಿ ೧, ಶೆಡ್ ೨, ಕಲ್ಲಿನ ರಾಶಿ ೫, ಗುಡ್ಡ ೪ ಅಥವಾ ೫, ಟವರ್ ೧. ಬುದ್ಧ ಇಲ್ಲ. ನೋಡಿದ ಸ್ಥಾನಗಳು ಆರು. ಸ್ಥಳೀಯರೊಬ್ಬರು ಕೂಡ ಇಲ್ಲವೆಂದರು.’ ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೇನೆ ಎಂದು ಆಗ ನನಗೆ ಹೆಮ್ಮೆಯಾಗಿತ್ತು.

ಮನೆಗೆ ಬಂದು ಆಯಿಗೆ ಅದನ್ನು ಓದಿಯೇ ಹೇಳಿದೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಆಗ ಅದು ಕೇವಲ ಒಂದು ವರದಿ. ಆಯಿ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು.

“ಮೂರನೇ ಹುಣಸಿ ಎದುರಿಗೇನ?”

“ಹೌದು ಆಯಿ. ಬೊಡ್ಡಿ ಅದ ಇನ್ನೂ.”

“ಮತ್ತ ನಾವು ಹನ್ನೆರಡ ಮಂದಿ ಯಾವ ಕಲ್ಲಿಗೆ ಕೈ ಮುಗದ್ವಿ?”

ಹುಡುಗಿ, “ನಿಮಗೆ ಮರೆತು ಹೋಗಿರಬಹುದು ಆಯಿ,” ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು. ಆಯಿ ಕುತ್ತಿಗೆ ತಿರುಗಿಸಿ ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಅವರೆಕಾಯಿಯ ಬುಟ್ಟಿಯನ್ನು ಅವ್ವನ ಕಡೆ ತಳ್ಳಿ, ಹೊರಗಿನ ಕಟ್ಟೆಗೆ ಹೋಗಿ ಕುಳಿತಳು.

ಅಂದಿನಿಂದ ಅವಳು ಬೆಳಿಗ್ಗೆ ಎದ್ದಾಗ ಮಾಡುತ್ತಿದ್ದ ಒಂದು ಕೆಲಸ ನಿಂತಿತು. ನಿಂತ ಮೇಲೆಯೇ ಅದು ನಮ್ಮ ಗಮನಕ್ಕೆ ಬಂದದ್ದು. ಹಲ್ಲುಜ್ಜಿ ಬಂದು ಹಿತ್ತಲ ಬಾಗಿಲಲ್ಲಿ ನಿಂತು ಒಂದು ಕಡೆ ಕೈ ಮುಗಿಯುತ್ತಿದ್ದಳು. ಸೂರ್ಯನಿಗಿರಬೇಕು ಎಂದುಕೊಂಡಿದ್ದೆವು. ಸೂರ್ಯ ಹುಟ್ಟುವುದು ಆ ಕಡೆ ಅಲ್ಲವೇ ಅಲ್ಲ. ಅದು ಗೋಗಿಯ ದಿಕ್ಕು. ದಿನಾ ಏನೇನೋ ಎಣಿಸುವ ನಾನು ಇದನ್ನು ಎಂಟು ವರ್ಷ ಕಂಡಿರಲಿಲ್ಲ.

ಶನಿವಾರ ಅವ್ವ ನನ್ನನ್ನು ಒಲೆಯ ಹತ್ತಿರ ಕರೆದು, “ಏನ ಬರದಿ ಆ ಪುಸ್ತಕದಾಗ? ಮುದುಕಿ ರೊಟ್ಟಿ ಅರ್ಧಕ್ಕ ಬಿಡಾಕತ್ಯಾಳ. ಕಾಣ್ತಾನ ಅಂತ ಒಂದ ಸುಳ್ಳ ಹೇಳಿದ್ರ ನಿನ್ನ ಪೆನ್ನು ಮುರೀತಿತ್ತೇನ?” ಎಂದು ಗದರಿದಳು.

ಇದು ಆಯಿಯ ಕಿವಿಗೆ ಬಿದ್ದಿತು. “ಸುಳ್ಳ ಹೇಳೂದು ಬ್ಯಾಡ,” ಎಂದು ಕಟ್ಟೆಯಿಂದಲೇ ಕೂಗಿದಳು. “ಕಂಡಿಲ್ಲ ಅಂದ್ರ ಕಂಡಿಲ್ಲ. ಖರೇನ ಬೇಕು ನನಗ. ಹನ್ನೆರಡ ಮಂದ್ಯಾಗ ಈಗ ನಾ ಒಬ್ಬಾಕೇ ಉಳದೇನಿ. ಯಾರಿಗೆ ಕೇಳ್ಲಿ?”

ಭಾನುವಾರ ಸುರಪುರಕ್ಕೆ ಹೋಗುವುದೆಂದು ಮೊದಲೇ ಗೊತ್ತಾಗಿತ್ತು. ಅಪ್ಪ ಆಯಿಯನ್ನೂ ಕರೆದರು. ಕಾರು ಹೇಳಿದ್ದೇನೆ, ನಡೆಯುವುದೇ ಬೇಡ ಎಂದರು. ಅವಳು ಬರಲಿಲ್ಲ. “ನೀವು ನೋಡ್ಕೊಂಡು ಬರ್ರಿ. ನಾ ನೋಡಿದ್ದೆಲ್ಲಾ ನೋಡೀನಿ,” ಅಂದಳು. ಆ ಮಾತು ಎಲ್ಲರಿಗೂ ಚುಚ್ಚಿತು.

ಸುರಪುರದ ಗುಡ್ಡದ ಮೇಲಿನ ಹಳೆಯ ಬಂಗಲೆಯನ್ನು ನೋಡಿದೆವು. ಅದರ ಅಂಗಳದಲ್ಲಿ ನಿಂತರೆ ಊರೆಲ್ಲ ಅಂಗೈಯಲ್ಲಿ ಹಿಡಿದಂತೆ. ಹುಡುಗಿ ಬಾಗಿಲು ಎಣಿಸಿದಳು, ನಾನು ಕಿಟಕಿ ಎಣಿಸಿದೆ. ಮಧ್ಯಾಹ್ನ ಬೋನಾಳ ಕೆರೆಗೆ ಹೋದೆವು. ಅಲ್ಲಿ ಹಕ್ಕಿಗಳು ಬಹಳ ಬರುತ್ತವೆಂದು ಕೇಳಿದ್ದೆವು. ಏರಿಯ ಮೇಲೆ ಸಾಲಾಗಿ ನಿಂತರೆ ನಮಗೆ ಕಂಡದ್ದು ನೀರು, ಜೊಂಡು, ದೂರದಲ್ಲಿ ನಾಲ್ಕು ಬೆಳ್ಳಕ್ಕಿ. ಹುಡುಗಿಯ ಮುಖ ಸಣ್ಣದಾಯಿತು. ಆಗ ಕೆರೆ ಕಾಯುವವರು ಒಬ್ಬರು ಹಿಂದಿನಿಂದ ಬಂದು ಪಿಸುಗುಟ್ಟುತ್ತಲೇ ಬೈದರು.

“ಏನ್ರಿ ಸರ, ಕಂಬದಂಗ ನಿಂತೀರಿ? ಹಕ್ಕಿಗೆ ನೀವು ಕಾಣ್ತೀರಿ, ನಿಮಗ ಹಕ್ಕಿ ಹೆಂಗ ಕಾಣ್ತಾವ? ಬಾಗ್ರಿ, ಬಾಗ್ರಿ. ಜೊಂಡಿನ ಸಂದ್ಯಾಗ ಕಣ್ಣಿಡ್ರಿ.”

ಅಪ್ಪ ಮೊದಲ್ಗೊಂಡು ಎಲ್ಲರೂ ಬಾಗಿ, ಕಡೆಗೆ ಮೊಣಕಾಲೂರಿ ಕುಳಿತೆವು. ಐದು ನಿಮಿಷ ಕಳೆಯಿತು. ಜೊಂಡಿನ ಬುಡದಿಂದ ಬಾತುಗಳು ಒಂದೊಂದಾಗಿ ಹೊರಗೆ ತೇಲಿ ಬಂದವು. ನೀರುಕಾಗೆಗಳು ಮುಳುಗಿ ಎದ್ದವು. ನೀರಿನ ಮಟ್ಟದಲ್ಲಿ ಕಣ್ಣಿಟ್ಟಾಗ ಕೆರೆಯೇ ಬೇರೆಯದಾಗಿತ್ತು. ಹುಡುಗಿ ನನ್ನ ಡೈರಿಯಲ್ಲಿ ತಾನೇ ಗೀಟು ಎಳೆಯತೊಡಗಿದಳು. ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ಅಂಥ ಹದಿನಾಲ್ಕು ಕಟ್ಟುಗಳಾದ ಮೇಲೆ ಕೈ ನೋಯುತ್ತದೆಂದು ನನಗೆ ಕೊಟ್ಟಳು. ಡಿಸೆಂಬರಿನಲ್ಲಿ ಬಂದರೆ ಪುಸ್ತಕ ಸಾಲುವುದಿಲ್ಲ ಎಂದರು ಕಾಯುವವರು.

ಸಂಜೆ ಮನೆ ಮುಟ್ಟಿದ ಕೂಡಲೇ ಹುಡುಗಿ ಕಟ್ಟೆಗೆ ಓಡಿ ಆಯಿಯ ಮುಂದೆ ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ಬಾಗಿದ್ದು, ಏಳಲಾರದೆ ಕಾಯುವವರ ಕೈ ಹಿಡಿದದ್ದು, “ಕಂಬದಂಗ ನಿಂತೀರಿ” ಎಂದು ಬೈಸಿಕೊಂಡದ್ದು. ಆಯಿ ನಾಲ್ಕು ದಿನಗಳ ನಂತರ ನಕ್ಕಳು. ನಗುತ್ತ ನಗುತ್ತ ಇದ್ದಕ್ಕಿದ್ದಂತೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಗೋಗ್ಯಾಗ ನೀ ಹೆಂಗ ನೋಡ್ದಿ?”

“ಹೆಂಗಂದ್ರ? ಬದುವಿನ ಮ್ಯಾಲೆ. ಆರು ಕಡಿ ನಿಂತು ನೋಡೀನಿ ಆಯಿ.”

“ನಿಂತು ನೋಡ್ದಿ.”

“ಹೌದು.”

“ಏ ಹುಚ್ಚಿ,” ಅಂದಳು ಆಯಿ. “ಗದ್ದ್ಯಾಗ ನಾವು ಎಂದ ನಿಂತಿದ್ವಿ?”

ನಾನು ಡೈರಿ ತೆರೆದು ಗುರುವಾರದ ಪುಟ ನೋಡಿದೆ. ನೋಡಿದ ಸ್ಥಾನಗಳು ಆರು. ಆರೂ ಕಡೆ ನಿಂತಿದ್ದೆ. ಇಪ್ಪತ್ತು ವರ್ಷ ಬದುವಿನ ಮೇಲೆ ನಿಂತೇ ನೀರು ಬಿಟ್ಟವರನ್ನು ಸಾಕ್ಷಿ ಕೇಳಿದ್ದೆ. ನಾಟಿ ಹಚ್ಚುವವಳು ಬೆಳಿಗ್ಗೆ ಬಾಗಿದರೆ ಊಟದ ಹೊತ್ತಿಗೇ ಏಳುವುದು. ಒಂದು ಹಿಡಿ ಸಸಿ ಮುಗಿದು ಇನ್ನೊಂದಕ್ಕೆ ಕೈ ಚಾಚುವಾಗ ಕತ್ತು ಎತ್ತಿದರೆ ಅವಳ ಕಣ್ಣು ನೆಲದಿಂದ ಎರಡಡಿ ಮೇಲೆ. ಆ ಎತ್ತರದಿಂದ ನಾನು ಒಮ್ಮೆಯೂ ನೋಡಿರಲಿಲ್ಲ.

“ನಾಳೆ ಹೋಗೂಣ,” ಅಂದೆ.

“ನಾಳೆ ನನ್ನ ಮೊಣಕಾಲು ಹೆಂಗಿರ್ತದ ನೋಡಿ ಹೇಳ್ತೀನಿ,” ಅಂದಳು. ಆ ರಾತ್ರಿ ಎರಡು ರೊಟ್ಟಿ ಪೂರ್ತಿ ತಿಂದಳು ಎಂದು ಅವ್ವ ನನಗೆ ವರದಿ ಕೊಟ್ಟಳು.

ಸೋಮವಾರ ಮೊಣಕಾಲು ಒಪ್ಪಲಿಲ್ಲ. ಮಂಗಳವಾರ ಒಪ್ಪಿತು, ಮಾರನೆಯ ದಿನ ಅಕ್ಕ ಬರುವವಳಿದ್ದಳು. ಮಧ್ಯಾಹ್ನ ಮೂರಕ್ಕೆ ಒಂದು ಆಟೋವನ್ನು ಮಾತಾಡಿಸಿಕೊಂಡು ಆಯಿ, ಹುಡುಗಿ, ನಾನು ಹೊರಟೆವು. ಆಯಿ ಕಪಾಟಿನಿಂದ ಬಿಳಿ ಸೀರೆ ತೆಗೆದು ಉಟ್ಟಿದ್ದಳು. ಆಟೋದ ಹುಡುಗ ಕನ್ನಡಿಯಲ್ಲಿ ನೋಡಿ, “ಎಲ್ಲಿಗಿ ಸವಾರಿ ಆಯಿ? ಬೀಗರ ಮನಿಗೇನ?” ಅಂದ.

“ಬುದ್ಧನ್ನ ನೋಡಾಕ.”

“ಬುದ್ಧನ್ನ ನೋಡಾಕ ಗೋಗಿಗಿ ಹೋಗೋರು ನೀವ ಮೊದಲನೇದವರು ನೋಡ್ರಿ. ನಾ ಯಾದಗಿರಿ ರೋಡಿಗೆ ತಿರುವ್ಲೇನು?”

“ನೀ ಮುಂದ ನೋಡಿ ಹೊಡಿ. ತೆಗ್ಗಿನ್ಯಾಗ ಕೆಡವಿ ನನ್ನ ಬೆನ್ನು ನೆಟ್ಟಗ ಮಾಡಬ್ಯಾಡ.”

ಸೇತುವೆಯ ಹತ್ತಿರ ಇಳಿದೆವು. ಹುಣಸೆ ಬೊಡ್ಡೆಯನ್ನು ಆಯಿ ಕೈಯಿಂದ ಮುಟ್ಟಿದಳು. ಬದುವಿನ ಮೇಲೆ ಅವಳ ಒಂದು ಕೈ ನಾನು, ಇನ್ನೊಂದು ಹುಡುಗಿ ಹಿಡಿದಿದ್ದೆವು. ಗದ್ದೆಯ ನಡುಭಾಗಕ್ಕೆ ಬಂದಾಗ ಅವಳು ನಿಂತಳು. ನಾನು ಬಾಗಿ ನೋಡಲು ಸೀರೆಯ ಸೆರಗಿನಂತೆ ಚೂಡಿದಾರದ ವೇಲನ್ನು ಸೊಂಟಕ್ಕೆ ಕಟ್ಟುತ್ತಿದ್ದೆ. ಆಯಿ ಬಾಗಬೇಕಾಗಿರಲಿಲ್ಲ. ಗದ್ದೆ ಅವಳನ್ನು ಬಾಗಿಸಿಯೇ ಕಳಿಸಿತ್ತು. ಕತ್ತನ್ನಷ್ಟೇ ಸ್ವಲ್ಪ ಎತ್ತಿದಳು.

ಹುಡುಗಿಯ ಹಿಡಿತದಿಂದ ಕೈ ಬಿಡಿಸಿಕೊಂಡಳು. ಅವಳು ಕೈ ಮುಗಿದಳು.

ನಾನು ಬಾಗಿದೆ. ಕಾಲುವೆಯ ಏರಿ ಮೇಲಕ್ಕೆದ್ದಿತು. ಹಾಗೆಯೇ ಅನ್ನಿಸಿತು, ನಾನು ಕೆಳಗೆ ಇಳಿದಷ್ಟೂ ಏರಿ ಮೇಲೇರಿ ಶೆಡ್ಡುಗಳನ್ನು, ಕಲ್ಲಿನ ರಾಶಿಗಳನ್ನು, ಬೀಳು ನೆಲವನ್ನು, ಗುಡ್ಡಗಳ ಬುಡವನ್ನು ನುಂಗಿತು. ಉಳಿದದ್ದು ಮೇಲಿನ ಒಂದೇ ಗೆರೆ. ಆ ಗೆರೆಯಲ್ಲಿ ಒಂದು ಹಣೆ, ಒಂದು ಗದ್ದ, ಆಮೇಲೆ ತಗ್ಗಿ ಕುತ್ತಿಗೆ, ಎದ್ದು ಎದೆ, ಉದ್ದಕ್ಕೆ ಕಾಲು. ಗುರುವಾರ ನಾನು ‘ಗುಡ್ಡ ೪ ಅಥವಾ ೫’ ಎಂದು ಬರೆದದ್ದು ಇದೇ. ರಸ್ತೆಯಿಂದ ಕಂಡವನಷ್ಟು ತಿದ್ದಿದ ಮುಖವಲ್ಲ, ಮೂಗು ಮೊಂಡು. ಆದರೆ ಮಲಗಿದ್ದಾನೆಂಬುದರಲ್ಲಿ ಅನುಮಾನವೇ ಇರಲಿಲ್ಲ.

“ಕಂಡ್ನೇನ?” ಅಂದಳು ಆಯಿ.

“ಕಂಡ ಆಯಿ.”

“ಬರಕೋ.”

ಆದರೆ ಒಂದು ಪ್ರಶ್ನೆ ನನಗಿನ್ನೂ ಉಳಿದಿತ್ತು. ಇವನು ಬೇರೆಯವನೇ? ತಲೆ ನಿಜವಾಗಿಯೂ ಫೋಟೋದ ತದ್ವಿರುದ್ಧ ದಿಕ್ಕಿಗಿತ್ತು. ಹಾಗಿದ್ದರೆ ಆಯಿ ಹೇಳಿದ್ದೇ ಸರಿ, ಶಹಾಪುರಕ್ಕೆ ಇಬ್ಬರು ಬುದ್ಧರು. ಹುಡುಗಿ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಇದ್ದಕ್ಕಿದ್ದಂತೆ ಕೂಗಿದಳು.

“ಚಿಕ್ಕಮ್ಮ, ಮುಳ್ಳು!”

“ಎಲ್ಲಿ? ಕಾಲಿಗಾ?”

“ನನಗಲ್ಲ, ಬುದ್ಧನಿಗೆ! ಕಾಲಿನ ಹತ್ತಿರ ನೋಡು!”

ಕಾಲಿನ ಕಡೆಯ ಗುಡ್ಡದ ಮೇಲೆ, ತೆಳ್ಳಗೆ, ನೆಟ್ಟಗೆ, ಟವರ್ ನಿಂತಿತ್ತು. ನಾನು ಫೋನು ತೆಗೆದು ರಸ್ತೆಯ ಫೋಟೋ ನೋಡಿದೆ. ಅಲ್ಲೂ ಕಾಲಿನ ಕಡೆಯೇ. ‘ಟವರ್ ೧’ ಎಂದು ಗುರುವಾರವೇ ನನ್ನ ಕೈಯಾರೆ ಬರೆದಿದ್ದೆ. ಬರೆದು, ಪುಟ ಮಡಚಿ, ಮನೆಗೆ ಹೋಗಿದ್ದೆ.

ಆಯಿಗೆ ಅರ್ಥವಾಗಲಿಲ್ಲ. ಹುಡುಗಿ ಅವಳಿಗೆ ತಿಳಿಸಲು ಅದೇ ಬದುವಿನ ಮೇಲೆ ಅಂಗಾತ ಮಲಗಿದಳು. ಫ್ರಾಕಿಗೆಲ್ಲ ಮಣ್ಣು.

“ಆಯಿ, ಈಗ ನನ್ನ ತಲೆ ನಿಮ್ಮ ಯಾವ ಕೈ ಕಡೆ ಇದೆ? ಚಿಕ್ಕಮ್ಮ, ನೀನು ಆಚೆ ಹೋಗಿ ನಿಂತ್ಕೋ. ನಿನ್ನ ಯಾವ ಕೈ ಕಡೆ ಇದೆ?”

ನಾನು ಗದ್ದೆಗಿಳಿದು ಅವಳ ಆಚೆ ಬದಿಗೆ ನಿಂತೆ. ಭತ್ತ ತುಳಿಯದಂತೆ ಒಂದೇ ಕಾಲ ಮೇಲೆ. ಆಯಿಗೆ ಎಡಗೈ ಕಡೆ ಇದ್ದ ತಲೆ ನನಗೆ ಬಲಗೈ ಕಡೆ.

ಆಯಿ ಹುಡುಗಿಯನ್ನು ನೋಡಿದಳು, ನನ್ನನ್ನು ನೋಡಿದಳು, ಬೆಟ್ಟ ನೋಡಿದಳು. “ಅಂದ್ರ,” ಅಂದಳು ನಿಧಾನವಾಗಿ, “ಆ ಬೋರ್ಡಿನವನೂ ಇವನೂ ಒಬ್ಬಾವನೇನ? ನಾವು ಅವನ ಹಿಂದಿನ ಕಡಿಂದ ನೋಡಾಕತ್ತಿದ್ವಿ?”

“ಹೌದು ಆಯಿ.”

“ಮೂವತ್ತು ವರ್ಷ?”

“ಮೂವತ್ತು ವರ್ಷ.”

ಅವಳು ಬೇಜಾರು ಮಾಡಿಕೊಳ್ಳುತ್ತಾಳೇನೋ ಎಂದು ನಾನು ಅಂಜಿದೆ. ಅವಳ ಮುಖದಲ್ಲಿ ಇದ್ದದ್ದು ಬೇರೆ. ಹೊಸ ಅಂಗಡಿ ತೆರೆದಾಗ ಒಳಗೇನಿದೆಯೆಂದು ಇಣುಕುವವರ ಮುಖ.

“ಮತ್ತ ಆ ಕಡಿ ಹೆಂಗ ಕಾಣ್ತಾನ? ನೀ ತೋರಿಸಿದ್ದು ಅಂಗೈಯಗಲ ಫೋನಿನ್ಯಾಗ. ಇನ್ನ ಬೆಳಕದ. ನಡೀರಿ, ಆಟೋ ತಿರುಗಿಸ್ರಿ.”

ಆಟೋದವನಿಗೆ ಹೇಳಿದಾಗ ಅವನು ಹಣೆಗೆ ಕೈ ಹಚ್ಚಿಕೊಂಡ. “ನಾ ಮೊದಲ ಅಂದಿದ್ನಿಲ್ರಿ, ಯಾದಗಿರಿ ರೋಡು ಅಂತ!”

“ಇಲ್ಲಿ ನೋಡಲಾರದ ಅಲ್ಲಿ ನೋಡಿದ್ರ ಏನ ತಿಳೀತಿತ್ತಪಾ?” ಅಂದಳು ಆಯಿ.

ಊರು ದಾಟಿ, ಬಸ್‌ಸ್ಟ್ಯಾಂಡಿನ ಗದ್ದಲ ದಾಟಿ, ಬೇವಿನ ಮರ ಮುಟ್ಟುವಾಗ ಬಿಸಿಲು ಹಳದಿಯಾಗಿತ್ತು. ಅಲ್ಲಿ ಒಂದು ಕುಟುಂಬ ಮೊದಲೇ ನಿಂತು ಫೋಟೋ ತೆಗೆಸಿಕೊಳ್ಳುತ್ತಿತ್ತು. ಆಯಿ ಆಟೋದ ಕಂಬಿ ಹಿಡಿದು ಇಳಿದು, ಕತ್ತು ಎತ್ತಿ ನೋಡಿದಳು. ಹಣೆಯಿಂದ ಶುರುಮಾಡಿ ಕಾಲಿನವರೆಗೆ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದಳು. ಟವರಿನ ಹತ್ತಿರ ಬೆರಳು ನಿಂತಿತು.

“ಮುಳ್ಳು ಅದ,” ಅಂದಳು.

“ಇದೆ,” ಅಂದಳು ಹುಡುಗಿ.

“ಮೂಗು ಈ ಕಡಿನ ಚೊಲೊ ಅದ ಬಿಡು.”

ಬಹಳ ಹೊತ್ತು ನಿಂತೆವು. ನಾನು ಪಟ್ಟಿಯಲ್ಲಿ ಗೋಗಿಯ ಸಾಲನ್ನು ಕೆಂಪು ಪೆನ್ನಿನಿಂದ ಹೊಡೆದು, ಕೆಳಗೆ ಹೊಸದಾಗಿ ಬರೆದೆ: ದಾರಿ ಬದು, ನೆರಳು ಎರಡು ಹುಣಸೆ, ನೀರು ಕಾಲುವೆಯದು, ಮಂಗ ಸೊನ್ನೆ, ಆಯಿ ಬರಬಹುದು. ಪುಟದ ಅಂಚಿನಲ್ಲಿ ಆರನೆಯ ಮನೆಯೊಂದನ್ನು ಎಳೆದು ‘ಹೇಗೆ ನೋಡಬೇಕು’ ಎಂದು ಹೆಸರಿಟ್ಟು, ಅದರಲ್ಲಿ ‘ಬಾಗಿ’ ಎಂದು ತುಂಬಿದೆ.

ಹೊರಡುವಾಗ ಹುಡುಗಿ ಕೇಳಿದಳು, “ಆಯಿ, ಇಲ್ಲಿ ಕೈ ಮುಗಿಯಲ್ವಾ?”

ಆಯಿ ಆಟೋದೊಳಗೆ ಒಂದು ಕಾಲಿಟ್ಟು ತಿರುಗಿ ನೋಡಿದಳು.

“ಆಗಲೇ ಮುಗದೀನಲ್ಲ. ಒಬ್ಬಾವನಿಗೇ ದಿನಕ್ಕ ಎಷ್ಟ ಸಲ ಮುಗೀಬೇಕು?”